ವಿಮ್‌ನ ಕೋಲನ್ ಸಾಲು ದೊಡ್ಡದು ಮಾಡುವುದು ಹೇಗೆ, ಮಾಡಬೇಕಾದದ್ದು ಯಾವಾಗ

ಪ್ರಶ್ನೆ: ನಮಸ್ಕಾರ್ರಿ ಸರ್. ಗದಗ-ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಡಿಟಿಪಿ ಕೆಲಸ ಮಾಡ್ತೀನಿ. ಗಿರಾಕಿಗಳು ಕೊಡೋ ಹಳೇ ನುಡಿ ಫೈಲುಗಳನ್ನ ಯೂನಿಕೋಡ್‌ಗೆ ಬದಲಿಸಿ, ಅದರಾಗ ಉಳಿದ ತಪ್ಪುಗಳನ್ನ ವಿಮ್ ಅನ್ನೋ ಪಠ್ಯ ಎಡಿಟರ್‌ನ್ಯಾಗ ತಿದ್ದಿ, ಪುಟ ಕಟ್ಟಾಕ ಕಳಸ್ತೀನಿ. ನಂದು ಸಣ್ಣ ಲ್ಯಾಪ್‌ಟಾಪ್. ಕೆಳಗ ಕೋಲನ್ ಹೊಡದು ಆಜ್ಞೆ ಬರಿಯೋ ಜಾಗ ಒಂದೇ ಸಾಲಿನಷ್ಟು ಐತಿ. ಉದ್ದನ ಆಜ್ಞೆ ಬರಿಯೂಮುಂದ ಹಿಂದಿಂದು ಮುಂದಿಂದು ತಿಳಿಯಂಗಿಲ್ಲ. ಅದನ್ನ ದೊಡ್ಡದು ಮಾಡೋದು ಹೆಂಗ? ಇನ್ನೊಂದು, ಮೊನ್ನೆ ಅದೇ ಜಾಗ ತಾನಾಗೇ ಅರ್ಧ ಸ್ಕ್ರೀನ್ ನುಂಗಿ ಕುಂತಿತ್ತು. ವಿಮ್ ಮುಚ್ಚಿ ತಗದ ಮ್ಯಾಲೆ ಸರಿ ಆತು. ನಮ್ಮ ಜೋಡಿ ಕೆಲಸ ಮಾಡೋರು ಈಮ್ಯಾಕ್ಸ್ ಅನ್ನೋ ಬೇರೆ ಎಡಿಟರ್ ಬಳಸ್ತಾರ, ಅವರದು ತಾನಾ ದೊಡ್ಡದಾಗಿ ತಾನಾ ಸಣ್ಣದಾಗತೈತಿ. ವಿಮ್‌ನ್ಯಾಗ ಹಂಗ ಆಗಂಗಿಲ್ಲೇನ್ರಿ?

ಉತ್ತರ: ನೀವು ಕೇಳಿದ್ದಕ್ಕೆ ಒಂದು ಸಾಲಿನ ಉತ್ತರ ಇದೆ, ಮೊದಲು ಅದನ್ನೇ ಕೊಡುತ್ತೇನೆ. ನಾರ್ಮಲ್ ಮೋಡ್‌ನಲ್ಲಿ, ಅಂದರೆ ಎಸ್ಕೇಪ್ ಒತ್ತಿದಾಗ ಸಿಗುವ ಸ್ಥಿತಿಯಲ್ಲಿ, ಹೀಗೆ ಬರೆದು ಎಂಟರ್ ಒತ್ತಿರಿ:

:ಸೆಟ್ ಸಿಎಮ್‌ಡಿಹೈಟ್=2

ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಸಿ, ಎಂ, ಡಿ, ಅದಕ್ಕೆ ಅಂಟಿಕೊಂಡೇ ಹೈಟ್, ನಡುವೆ ಜಾಗ ಬೇಡ. ಅಷ್ಟುದ್ದ ಬೇಡವೆಂದರೆ ಸಿ, ಎಚ್ ಎಂಬ ಎರಡೇ ಅಕ್ಷರ ಸಾಕು, ಕೆಲಸ ಅದೇ. ಕಾಯಮ್ಮಾಗಿ ಇರಲಿ ಎಂದರೆ, ವಿಮ್ ತೆರೆಯುವಾಗ ಓದಿಕೊಳ್ಳುವ ವಿಮ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಕೋಲನ್ ಬಿಟ್ಟು ಇದೇ ಸಾಲನ್ನು ಸೇರಿಸಿರಿ. ಎರಡರ ಬದಲು ಮೂರು, ನಾಲ್ಕು ಕೊಟ್ಟರೂ ನಡೆಯುತ್ತದೆ. ಟ್ಯಾಬ್‌ಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡುವವರಾದರೆ ಒಂದು ಮಾತು ನೆನಪಿರಲಿ: ಈ ಎತ್ತರ ಪ್ರತಿ ಟ್ಯಾಬ್‌ಗೂ ಬೇರೆ. ಒಂದರಲ್ಲಿ ಬದಲಿಸಿದ್ದು ಈಗಾಗಲೇ ತೆರೆದಿರುವ ಇನ್ನೊಂದರಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ.

ಆದರೆ ನಿಮ್ಮ ಕೆಲಸಕ್ಕೆ ಇದು ಮದ್ದಲ್ಲ ಎಂದು ನನಗೆ ಖಾತ್ರಿ ಇದೆ. ಎರಡಲ್ಲ, ನಾಲ್ಕು ಸಾಲು ಕೊಟ್ಟರೂ ನಿಮ್ಮ ತೊಂದರೆ ಹಾಗೇ ಉಳಿಯುತ್ತದೆ, ಸಣ್ಣ ಸ್ಕ್ರೀನಿನಲ್ಲಿ ಓದುವ ಪಠ್ಯಕ್ಕೆ ಸಿಗಬೇಕಾದ ಸಾಲುಗಳು ಮಾತ್ರ ಕಡಿಮೆಯಾಗುತ್ತವೆ. ಯಾಕೆಂದು ಹೇಳುತ್ತೇನೆ. ಅದಕ್ಕೂ ಮೊದಲು, ಅರ್ಧ ಸ್ಕ್ರೀನ್ ನುಂಗಿದ ಪ್ರಸಂಗವನ್ನು ಮುಗಿಸಿಬಿಡೋಣ.

ಹಾಗೆ ಆದಾಗ ಮೊದಲು ನೋಡಬೇಕಾದದ್ದು ಆ ಜಾಗದಲ್ಲಿ ಏನಿದೆ ಎಂಬುದನ್ನು. ನೀವು ಹಿಂದೆ ಕೊಟ್ಟ ಆಜ್ಞೆಗಳು ಒಂದರ ಕೆಳಗೊಂದು ಪಟ್ಟಿಯಾಗಿ ಕಂಡರೆ ಅದು ಹಿಗ್ಗಿದ ಕೋಲನ್ ಸಾಲು ಅಲ್ಲ, ಬೇರೆಯದೇ ಒಂದು ಕಿಟಕಿ. ಹೊರಗೆ ಬರಲು ಕೋಲನ್ ಮತ್ತು ಕ್ಯೂ ಒತ್ತುವ ಅವಸರದಲ್ಲಿ ಬೆರಳು ಹಿಂದುಮುಂದಾಗಿ, ಮೊದಲು ಕ್ಯೂ, ಆಮೇಲೆ ಕೋಲನ್ ಬಿದ್ದಿರುತ್ತದೆ. ಆಗ ಏಳು ಸಾಲಿನ ಆಜ್ಞಾ ಕಿಟಕಿ ತೆರೆದುಕೊಳ್ಳುತ್ತದೆ. ವಿಮ್ ಕಲಿಯುವ ಬಹಳ ಜನ ಮೊದಲು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಬೇರೆ ಕಿಟಕಿಗೆ ಹೋಗಲು ವಿಮ್ ಬಿಡುವುದಿಲ್ಲ, ಇಲ್ಲಿ ಇದು ನಡೆಯದು ಎಂದು ಇ11 ಸಂಖ್ಯೆಯ ತಪ್ಪು ತೋರಿಸುತ್ತದೆ. ಕೋಲನ್ ಕ್ಯೂ ಕೊಟ್ಟರೆ ಮುಚ್ಚುತ್ತದೆ. ಈ ಕಿಟಕಿಯನ್ನು ಬೈದು ಬಿಡಬೇಡಿ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅದರೊಳಗೇ ಇದೆ.

ಅಲ್ಲಿ ಪಟ್ಟಿ ಇರದೆ ಬರೀ ಖಾಲಿ ಜಾಗ ಇದ್ದರೆ ಕತೆ ಬೇರೆ. ವಿಮ್‌ನಲ್ಲಿ ಮೌಸ್ ಚಾಲೂ ಇದ್ದು, ಕೆಳಗೆ ಫೈಲಿನ ಹೆಸರು ತೋರಿಸುವ ಸ್ಟೇಟಸ್ ಪಟ್ಟಿ ಇದ್ದರೆ, ಆ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದಷ್ಟೂ ಕೋಲನ್ ಜಾಗ ಹಿಗ್ಗುತ್ತದೆ. ಟಚ್‌ಪ್ಯಾಡ್ ಮೇಲೆ ಅಂಗೈ ತಾಗಿ ಇದು ಆಗುವುದುಂಟು. ಲ್ಯಾಪ್‌ಟಾಪ್ ಎಂದಿದ್ದೀರಿ, ನನ್ನ ಅನುಮಾನ ಮೊದಲು ಇದರ ಮೇಲೆಯೇ. ಇನ್ನೊಂದು ದಾರಿ ರೀಸೈಜ್ ಆಜ್ಞೆ. ತೆರೆದಿರುವುದು ಒಂದೇ ಕಿಟಕಿ ಆಗಿದ್ದಾಗ ಅದನ್ನು ಕಿರಿದು ಮಾಡಿದರೆ, ಬಿಟ್ಟ ಸಾಲುಗಳನ್ನು ತೆಗೆದುಕೊಳ್ಳಲು ಪಕ್ಕದ ಕಿಟಕಿ ಇಲ್ಲ. ಅವು ಕೋಲನ್ ಜಾಗಕ್ಕೆ ಸೇರಿಬಿಡುತ್ತವೆ. ಕಂಟ್ರೋಲ್ ಡಬ್ಲ್ಯೂ ಒತ್ತಿ ಮೈನಸ್ ಒತ್ತಿದರೂ ಅದೇ ಪರಿಣಾಮ.

ಇನ್ನೊಮ್ಮೆ ಹಾಗಾದರೆ ವಿಮ್ ಮುಚ್ಚಬೇಕಿಲ್ಲ. ಸಿಎಮ್‌ಡಿಹೈಟ್ 1 ಎಂದು ಸೆಟ್ ಮಾಡಿರಿ. ಅಷ್ಟಕ್ಕೂ ಜಗ್ಗದಿದ್ದರೆ ಕಂಟ್ರೋಲ್ ಡಬ್ಲ್ಯೂ ಒತ್ತಿ ಅಂಡರ್‌ಸ್ಕೋರ್ ಒತ್ತಿರಿ, ಕಿಟಕಿ ತನಗೆ ಸಿಗುವಷ್ಟೂ ಎತ್ತರ ವಾಪಸ್ ತೆಗೆದುಕೊಳ್ಳುತ್ತದೆ. ನಿಮ್ಮಲ್ಲಿ ಮುಚ್ಚಿ ತೆರೆದಾಗ ಸರಿಯಾಯಿತು, ಅಂದರೆ ವಿಮ್‌ಆರ್‌ಸಿಯಲ್ಲಿ ದೋಷವಿಲ್ಲ. ಪ್ರತಿ ಸಲ ತೆರೆದಾಗಲೂ ದೊಡ್ಡದೇ ಇದ್ದಿದ್ದರೆ, ಯಾವುದೋ ಪ್ಲಗಿನ್ ಅಥವಾ ಬೇರೆಯವರಿಂದ ನಕಲು ಮಾಡಿಕೊಂಡ ವಿಮ್‌ಆರ್‌ಸಿ ಅದನ್ನು ಬದಲಿಸಿರುತ್ತದೆ. ಆಗ ವರ್ಬೋಸ್ ಸೆಟ್ ಸಿಎಮ್‌ಡಿಹೈಟ್ ಎಂದು ಬರೆದು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಎಂಟರ್ ಒತ್ತಿದರೆ, ಈಗಿನ ಎತ್ತರ ಎಷ್ಟು, ಕೊನೆಗೆ ಅದನ್ನು ಬದಲಿಸಿದ್ದು ಯಾವ ಫೈಲು ಎಂಬುದನ್ನು ವಿಮ್ ತಾನೇ ಹೇಳುತ್ತದೆ. ಯಾವ ಸೆಟ್ಟಿಂಗ್ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವ ಎಲ್ಲ ಕಡೆಯೂ ಈ ವರ್ಬೋಸ್ ಕೈಹಿಡಿಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಕೆಳಗಿನ ಆ ಒಂದು ಸಾಲು ಎರಡು ಕೆಲಸ ಮಾಡುತ್ತದೆ. ನೀವು ಆಜ್ಞೆ ಬರೆಯುವುದು ಅಲ್ಲಿ. ಫೈಲು ಉಳಿಯಿತು, ಇಷ್ಟು ಕಡೆ ಬದಲಾಯಿತು, ಹುಡುಕಿದ್ದು ಸಿಗಲಿಲ್ಲ ಎಂದು ವಿಮ್ ನಿಮಗೆ ಹೇಳುವುದೂ ಅಲ್ಲಿಯೇ. ಸಿಎಮ್‌ಡಿಹೈಟ್ ನಿಜವಾಗಿ ನೆರವಾಗುವುದು ಎರಡನೆಯದಕ್ಕೆ. ಸಂದೇಶ ಇರುವ ಜಾಗಕ್ಕಿಂತ ದೊಡ್ಡದಾದರೆ ವಿಮ್ ನಿಂತುಬಿಡುತ್ತದೆ, ಮುಂದುವರಿಯಲು ಎಂಟರ್ ಒತ್ತಿ ಎಂದು ಕೇಳುತ್ತದೆ. ಉದ್ದ ಹೆಸರಿನ ಫೋಲ್ಡರ್‌ಗಳ ಒಳಗೊಳಗೆ ಫೈಲು ಇಟ್ಟವರಿಗೆ ಇದು ದಿನದ ಕಿರಿಕಿರಿ. ಎತ್ತರ ಎರಡು ಸಾಲು ಮಾಡಿದರೆ ಬಹಳಷ್ಟು ಸಲ ಈ ತಡೆ ಬರುವುದಿಲ್ಲ.

ಸ್ಕ್ರೀನ್ ಸಣ್ಣದಿದ್ದಾಗ ಅದಕ್ಕೂ ಎತ್ತರ ಕೊಡಬೇಕಿಲ್ಲ, ಸಂದೇಶವನ್ನೇ ಗಿಡ್ಡ ಮಾಡಿಸಬಹುದು. ಶಾರ್ಟ್‌ಮೆಸ್ ಎಂಬ ಸೆಟ್ಟಿಂಗ್ ಇರುವುದೇ ಅದಕ್ಕೆ. ಅದಕ್ಕೆ ಪ್ಲಸ್ ಈಕ್ವಲ್ ಹಾಕಿ ಸಣ್ಣಕ್ಷರದ ಎ ಸೇರಿಸಿದರೆ ಸಂದೇಶಗಳ ಮಾತು ಚುಟುಕಾಗುತ್ತದೆ, ದೊಡ್ಡಕ್ಷರದ ಟಿ ಸೇರಿಸಿದರೆ ಉದ್ದನೆಯ ಸಂದೇಶದ ನಡುಭಾಗ ಕತ್ತರಿಸಿ ಒಂದೇ ಸಾಲಿಗೆ ಹೊಂದುತ್ತದೆ. ಕಣ್ಣು ತಪ್ಪಿಸಿ ಹೋದ ಸಂದೇಶವನ್ನು ಮತ್ತೆ ಓದಬೇಕೆಂದರೆ ಕೋಲನ್ ಹೊಡೆದು ಮೆಸೇಜಸ್ ಎಂದು ಕೊಡಿ, ಹಿಂದಿನವೆಲ್ಲ ಸಾಲಾಗಿ ಬರುತ್ತವೆ.

ಇಷ್ಟಕ್ಕೂ ಒಂದೇ ಸಾಲು ಯಾಕೆ ಇಟ್ಟರು? ವಿಮ್‌ಗೆ ಹಿರಿಯಣ್ಣನಾದ ವಿಐ ಎಡಿಟರನ್ನು ಬಿಲ್ ಜಾಯ್ 1976ರ ಸುಮಾರಿಗೆ ಬರೆದಾಗ ಅವರ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರ ಪರದೆಗೆ 24 ಸಾಲು, ಸಾಲಿಗೆ 80 ಅಕ್ಷರ. ಸಂಪರ್ಕ 300 ಬಾಡ್ ಮೋಡೆಮ್ ಮೂಲಕ, ಪರದೆ ಒಮ್ಮೆ ಪೂರ್ತಿ ತುಂಬಲು ಸುಮಾರು ಒಂದು ನಿಮಿಷ ಕಾಯಬೇಕು. ಅಂಥಲ್ಲಿ ಆಜ್ಞೆಗೆಂದು ಒಂದು ಸಾಲಿಗಿಂತ ಹೆಚ್ಚು ಕೊಡುವ ಮಾತೇ ಇರಲಿಲ್ಲ. ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದಾಗಲೂ ಅದೇ ರೂಢಿ ಮುಂದುವರಿಯಿತು, ಆದರೆ ಬೇಕಾದವರಿಗೆ ಬೇಕಾದ ಕೀಲಿಗಳು ಕಾಲಕಾಲಕ್ಕೆ ಅದರಲ್ಲಿ ಸೇರುತ್ತ ಬಂದವು.

ನಿಮ್ಮ ತೊಂದರೆ ಬರೆಯುವ ಕಡೆಯದು. ಅಲ್ಲಿ ಎತ್ತರ ಯಾಕೆ ಉಪಯೋಗಕ್ಕೆ ಬರುವುದಿಲ್ಲ ನೋಡ್ರಿ. ಉದ್ದನೆಯ ಆಜ್ಞೆ ಬರೆಯುತ್ತ ಹೋದರೆ ವಿಮ್ ಕೂಡ ಎರಡನೆಯ ಸಾಲಿಗೆ, ಮೂರನೆಯ ಸಾಲಿಗೆ ತಾನೇ ಇಳಿಯುತ್ತದೆ, ಮೇಲಿನ ಪಠ್ಯವನ್ನು ಅಷ್ಟು ಹೊತ್ತು ಮೇಲಕ್ಕೆ ತಳ್ಳುತ್ತದೆ, ಎಂಟರ್ ಒತ್ತಿದ ಮೇಲೆ ಮೊದಲಿನಂತಾಗುತ್ತದೆ. ಹಾಗಾಗಿ ಸಿಎಮ್‌ಡಿಹೈಟ್ 1 ಇದ್ದರೂ ಬರೆಯುವುದಕ್ಕೆ ಜಾಗ ಸಾಲದೆ ಹೋಗುವುದಿಲ್ಲ. ತೊಡಕು ಇರುವುದು ಓಡಾಟದಲ್ಲಿ. ಮೂರು ಸಾಲಿಗೆ ಹರಡಿದ ಆಜ್ಞೆಯಲ್ಲಿ ಮೇಲಿನ ಸಾಲಿನ ತಪ್ಪು ತಿದ್ದಲು ಮೇಲ್ಬಾಣ ಒತ್ತುತ್ತೀರಿ. ಕರ್ಸರ್ ಮೇಲಿನ ಸಾಲಿಗೆ ಹೋಗುವುದಿಲ್ಲ, ನೀವು ಬರೆದಷ್ಟರಿಂದಲೇ ಆರಂಭವಾಗುವ ಹಳೆಯ ಆಜ್ಞೆ ಇದ್ದರೆ ಅದು ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಅಲ್ಲಿ ಮೇಲ್ಬಾಣ ಇರುವುದು ಹಳೆಯ ಆಜ್ಞೆಗಳನ್ನು ಕರೆಯುವುದಕ್ಕೆ. ಹಳೆಯದು ಬಂದರೆ ಬರೆದದ್ದು ಹೋಯಿತೆಂದು ಹೆದರಬೇಡಿ, ಕೆಳಬಾಣ ಒತ್ತಿದರೆ ವಾಪಸ್ ಬರುತ್ತದೆ. ಆದರೆ ಎಡಬಾಣ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹಿಂದೆ ಸರಿಯುವ ಕಷ್ಟ ಉಳಿದೇ ಉಳಿಯುತ್ತದೆ. ಎತ್ತರ ಹತ್ತು ಸಾಲು ಮಾಡಿದರೂ ಅಷ್ಟೇ.

ಆಜ್ಞೆ ಸಣ್ಣದಿದ್ದರೆ ಕೀಲಿಗಳಿಂದಲೇ ಸುಧಾರಿಸಬಹುದು: ಕಂಟ್ರೋಲ್ ಬಿ ಸಾಲಿನ ತಲೆಗೆ, ಕಂಟ್ರೋಲ್ ಇ ಕೊನೆಗೆ ಒಯ್ಯುತ್ತದೆ, ಕಂಟ್ರೋಲ್ ಡಬ್ಲ್ಯೂ ಹಿಂದಿನ ಒಂದು ಪದ ಅಳಿಸುತ್ತದೆ. ಉದ್ದ ಆಜ್ಞೆಗೆ ಮಾತ್ರ ಬರೆಯುವ ಜಾಗವನ್ನೇ ಬದಲಿಸಬೇಕು. ಆಗ ಬೇಕಾದದ್ದು ನಾನು ಮೇಲೆ ಹೇಳಿದ ಆಜ್ಞಾ ಕಿಟಕಿ. ಮೊದಲಿನಿಂದಲೇ ಅದರಲ್ಲಿ ಬರೆಯುವುದಾದರೆ ನಾರ್ಮಲ್ ಮೋಡ್‌ನಲ್ಲಿ ಕ್ಯೂ ಒತ್ತಿ ಕೋಲನ್ ಒತ್ತಿರಿ. ಅರ್ಧ ಬರೆದ ಮೇಲೆ ಇದು ಉದ್ದವಾಯಿತು ಅನ್ನಿಸಿದರೆ ಕಂಟ್ರೋಲ್ ಎಫ್ ಒತ್ತಿರಿ, ಬರೆದಷ್ಟೂ ಆ ಕಿಟಕಿಗೆ ಹೋಗಿ ಕೂರುತ್ತದೆ. ಒಳಗೆ ಹೋದ ಮೇಲೆ ಅದು ಮಾಮೂಲಿ ವಿಮ್ ಕಿಟಕಿಯೇ. ಪದದಿಂದ ಪದಕ್ಕೆ ಜಿಗಿಯಬಹುದು, ಒಂದು ಪದ ತೆಗೆದು ಇನ್ನೊಂದು ಬರೆಯಬಹುದು, ತಪ್ಪಾದರೆ ಯು ಒತ್ತಿ ಹಿಂದಕ್ಕೆ ಬರಬಹುದು, ಹಳೆಯ ಆಜ್ಞೆಯ ತುಂಡನ್ನು ನಕಲು ಮಾಡಿ ಹೊಸದಕ್ಕೆ ಅಂಟಿಸಬಹುದು. ಕರ್ಸರ್ ಯಾವ ಸಾಲಿನ ಮೇಲಿದೆಯೋ ಅಲ್ಲಿ ಎಂಟರ್ ಒತ್ತಿದರೆ ಆ ಸಾಲು ಆಜ್ಞೆಯಾಗಿ ಓಡುತ್ತದೆ, ಕಿಟಕಿ ಮುಚ್ಚುತ್ತದೆ. ಓಡಿಸುವುದು ಬೇಡ, ಮತ್ತೆ ಕೆಳಗಿನ ಸಾಲಿಗೇ ಮರಳಬೇಕು ಎಂದರೆ ಕಂಟ್ರೋಲ್ ಸಿ. ಹುಡುಕುವ ಮಾತುಗಳಿಗೂ ಇಂಥದೇ ಕಿಟಕಿ ಇದೆ, ಕ್ಯೂ ಒತ್ತಿ ಓರೆಗೆರೆ ಒತ್ತಿದರೆ ತೆರೆಯುತ್ತದೆ.

ದೊಡ್ಡದು ಮಾಡಬೇಕಾದದ್ದು ಈ ಕಿಟಕಿಯನ್ನು. ಅದರ ಎತ್ತರದ ಹೆಸರು ಸಿಎಮ್‌ಡಿವಿನ್‌ಹೈಟ್, ಮಾಮೂಲು ಬೆಲೆ 7. ಇದನ್ನು 12 ಅಥವಾ 15 ಮಾಡಿ ವಿಮ್‌ಆರ್‌ಸಿಯಲ್ಲಿ ಬರೆದಿಡಿ. ಬೇಕಾದಾಗ ಮಾತ್ರ ತೆರೆಯುವ ಕಿಟಕಿ ಇದು, ಕೆಲಸ ಮುಗಿದೊಡನೆ ಜಾಗ ಬಿಟ್ಟುಕೊಡುತ್ತದೆ, ಹಾಗಾಗಿ ಸಣ್ಣ ಸ್ಕ್ರೀನಿಗೂ ಭಾರವಲ್ಲ. ಜೊತೆಗೆ ಹಿಸ್ಟರಿ ಎಂಬ ಸೆಟ್ಟಿಂಗನ್ನೂ 1000ಕ್ಕೆ ಏರಿಸಿರಿ. ವಿಮ್‌ಆರ್‌ಸಿ ಇಲ್ಲದವರಿಗೆ ವಿಮ್ ತನ್ನದೇ ಮಾಮೂಲು ಸೆಟ್ಟಿಂಗ್ ಫೈಲು ಓಡಿಸಿ 200 ಆಜ್ಞೆಗಳ ನೆನಪು ಕೊಡುತ್ತದೆ. ನಿಮ್ಮದೇ ವಿಮ್‌ಆರ್‌ಸಿ ಬರೆದುಕೊಂಡ ದಿನ ಆ ಮಾಮೂಲು ಫೈಲು ಓಡುವುದಿಲ್ಲ, ಲೆಕ್ಕ 50ಕ್ಕೆ ಇಳಿಯುತ್ತದೆ. ಇದು ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಹೋದ ವಾರ ಒಂದು ಪುಸ್ತಕಕ್ಕೆ ಬರೆದ ಆಜ್ಞೆ ಈ ವಾರ ಇನ್ನೊಂದಕ್ಕೆ ಬೇಕಾದಾಗ ಆ ನೆನಪೇ ನಿಮ್ಮ ಬಂಡವಾಳ.

ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಟೈಪಿಂಗ್‌ನಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿರುವುದು ಸರ್ವೇಸಾಮಾನ್ಯ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹುಡುಕಿದರೆ ಪದ ಸಿಗುವುದಿಲ್ಲ, ಅಕಾರಾದಿ ಜೋಡಿಸಿದರೆ ಕ್ರಮ ತಪ್ಪುತ್ತದೆ. ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿಬಿಟ್ಟರೆ ೧೦೦ ರೂಪಾಯಿಯ ಸೊನ್ನೆಗಳೂ ಹೋಗುತ್ತವೆ. ಆದ್ದರಿಂದ ಹಿಂದೆಯೂ ಮುಂದೆಯೂ ಅಂಕಿ ಇಲ್ಲದ ಸೊನ್ನೆಯನ್ನು ಮಾತ್ರ ಹಿಡಿಯಬೇಕು:

:%ಎಸ್/[೦-೯]\@<!೦[೦-೯]\@!/ಂ/ಜಿಸಿ

ಇದರಲ್ಲಿ ಎಸ್, ಜಿ, ಸಿ ಮಾತ್ರ ಇಂಗ್ಲಿಷ್ ಸಣ್ಣಕ್ಷರಗಳು, ಉಳಿದ ಅಂಕಿ, ಅನುಸ್ವಾರ ಎಲ್ಲ ಇಲ್ಲಿರುವ ಹಾಗೇ ಕನ್ನಡದವು. ಮೊದಲ ಚೌಕ ಕಂಸ ಮತ್ತು ಅದಾದ ಮೇಲೆ ಬರುವ ಚಿಹ್ನೆಗಳು ಸೇರಿ ‘ಹಿಂದೆ ಅಂಕಿ ಇರಬಾರದು’ ಎನ್ನುತ್ತವೆ, ಎರಡನೆಯವು ‘ಮುಂದೆ ಅಂಕಿ ಇರಬಾರದು’ ಎನ್ನುತ್ತವೆ. ಕೊನೆಯ ಸಿ ಇರುವುದರಿಂದ ಪ್ರತಿ ಕಡೆಯೂ ವಿಮ್ ನಿಂತು ಕೇಳುತ್ತದೆ. ವೈ ಒತ್ತಿದರೆ ಬದಲಿಸುತ್ತದೆ, ಎನ್ ಒತ್ತಿದರೆ ಬಿಟ್ಟು ಮುಂದೆ ಹೋಗುತ್ತದೆ, ಎ ಒತ್ತಿದರೆ ಉಳಿದದ್ದನ್ನೆಲ್ಲ ಕೇಳದೆ ಬದಲಿಸುತ್ತದೆ, ಕ್ಯೂ ಒತ್ತಿದರೆ ನಿಲ್ಲುತ್ತದೆ. ಆ ಸಿ ಬಿಡಬೇಡಿ. ೦.೫ ಎಂದು ಬರೆದಿದ್ದರೆ ಅಲ್ಲಿಯ ಸೊನ್ನೆಯ ಹಿಂದೆ ಅಂಕಿ ಇಲ್ಲ, ಮುಂದೆ ಇರುವುದು ಚುಕ್ಕೆ. ಈ ಆಜ್ಞೆ ಅದನ್ನೂ ಹಿಡಿಯುತ್ತದೆ, ನೀವು ನೋಡಿ ಎನ್ ಒತ್ತಬೇಕು. ಇಂಥ ಆಜ್ಞೆಯನ್ನು ಕೆಳಗಿನ ಸಾಲಿನಲ್ಲಿ ನೇರವಾಗಿ ಬರೆಯಲು ಹೋದರೆ ಒಂದು ಓರೆಗೆರೆ ತಪ್ಪಿದರೂ ಎಲ್ಲಿ ತಪ್ಪಿತೆಂದು ಹುಡುಕುವುದೇ ಕೆಲಸವಾಗುತ್ತದೆ. ಆಜ್ಞಾ ಕಿಟಕಿಯಲ್ಲಿ ಬರೆದರೆ ಕಣ್ಣೆದುರೇ ಇರುತ್ತದೆ.

ಈಗಿನ ಕಂಪ್ಯೂಟರಿನ ಟರ್ಮಿನಲ್ ಕಿಟಕಿಯಲ್ಲಿ ವಿಮ್ ತೆರೆದು ಕನ್ನಡ ಬರೆಯುವಾಗ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಕಂಡರೆ ಅದು ಕೋಲನ್ ಸಾಲಿನ ಗಾತ್ರದ ದೋಷವಲ್ಲ. ಟರ್ಮಿನಲ್ ಅಕ್ಷರಕ್ಕೆ ಇಷ್ಟು ಅಗಲ ಎಂದು ಸಮನಾದ ಮನೆಗಳನ್ನು ಲೆಕ್ಕ ಹಾಕಿಟ್ಟಿರುತ್ತದೆ, ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳು ಆ ಮನೆಗಳಿಗೆ ಸರಿಯಾಗಿ ಹೊಂದುವುದಿಲ್ಲ. ಬರೆದದ್ದು ಫೈಲಿನಲ್ಲಿ ಸರಿಯಾಗಿಯೇ ಇರುತ್ತದೆ.

ನಿಮ್ಮಂಥ ಕೆಲಸದವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಂದು ಒತ್ತಾಯಿಸಿ ಹೇಳುತ್ತೇನೆ. ಪ್ರತಿ ಗಿರಾಕಿಯ ಫೈಲಿಗೂ ಬೇಕಾಗುವ ತಿದ್ದುಪಡಿಗಳು ಹೆಚ್ಚುಕಡಿಮೆ ಅವೇ: ಅಲ್ಪವಿರಾಮದ ಹಿಂದಿನ ಖಾಲಿ ಜಾಗ, ಎರಡೆರಡು ಸಲ ಬಿದ್ದ ಸ್ಪೇಸ್, ಜಾಗ ತಪ್ಪಿದ ಅರ್ಕಾವತ್ತು, ವಿಸರ್ಗದ ಬದಲು ಬಿದ್ದ ಕೋಲನ್. ಇವನ್ನು ದಿನಾ ಹೊಸದಾಗಿ ಬರೆಯುವುದು ಯಾಕೆ? ಒಂದು ಪ್ರತ್ಯೇಕ ಫೈಲಿನಲ್ಲಿ ಸಾಲಿಗೊಂದರಂತೆ ಬರೆದಿಡಿ, ಮುಂದೆ ಕೋಲನ್ ಬೇಕಾಗಿಲ್ಲ. ಜೋಡಿಗೆರೆಯ ಉದ್ಧರಣ ಚಿಹ್ನೆಯಿಂದ (") ಆರಂಭವಾಗುವ ಸಾಲನ್ನು ವಿಮ್ ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ, ಯಾವ ಸಾಲು ಯಾಕೆ ಎಂದು ಕನ್ನಡದಲ್ಲೇ ಬರೆದುಕೊಳ್ಳಬಹುದು. ಗಿರಾಕಿಯ ಫೈಲು ತೆರೆದು, ಕೋಲನ್ ಹೊಡೆದು ಸೋರ್ಸ್ ಎಂದು ಬರೆದು ನಿಮ್ಮ ಈ ಫೈಲಿನ ಹೆಸರು ಕೊಟ್ಟರೆ ಎಲ್ಲ ಸಾಲುಗಳೂ ವರಸೆಯಾಗಿ ಓಡುತ್ತವೆ. ಆ ಸಾಲುಗಳ ಕೊನೆಯಲ್ಲಿ ಜಿ ಜೊತೆಗೆ ಇ ಅಕ್ಷರವನ್ನೂ ಸೇರಿಸಿರಿ. ಇಲ್ಲದಿದ್ದರೆ ಒಂದು ಫೈಲಿನಲ್ಲಿ ಆ ತಪ್ಪೇ ಇರದಿದ್ದಾಗ ಹುಡುಕಿದ್ದು ಸಿಗಲಿಲ್ಲ ಎಂಬ ಇ486 ಸಂದೇಶ ಬಂದು ಎಂಟರ್ ಒತ್ತು ಎಂದು ನಿಲ್ಲಿಸುತ್ತದೆ. ಕೇಳಿಯೇ ಬದಲಿಸಬೇಕಾದ ಸೊನ್ನೆಯಂಥವನ್ನು ಬೇರೆ ಫೈಲಿನಲ್ಲಿಡಿ, ಕಣ್ಣುಮುಚ್ಚಿ ಓಡಿಸಬಹುದಾದವನ್ನು ಬೇರೆ ಇಡಿ. ಮೊದಲ ಸಲ ಓಡಿಸುವಾಗ ಗಿರಾಕಿಯ ಫೈಲಿನ ನಕಲು ಪ್ರತಿಯ ಮೇಲೆ ಓಡಿಸಿರಿ.

ಅಚ್ಚಿಗೆ ಹೋದ ತಪ್ಪನ್ನು ಹಿಂದಕ್ಕೆ ಕರೆಯಲಾಗದು ಎಂಬುದು ಗದುಗಿನ ಪ್ರೆಸ್ಸಿನವರಿಗೆ ನಾನು ಹೇಳಬೇಕಾದ ಮಾತಲ್ಲ. ಆದರೂ ಆಜ್ಞೆಗಳನ್ನು ಬರೆದಿಟ್ಟರೆ ಒಂದು ದೊಡ್ಡ ಲಾಭ ಉಂಟು: ನೀವು ರಜೆ ಹಾಕಿದ ದಿನ ನಿಮ್ಮ ಬದಲಿಗೆ ಕೂತವರೂ ಅದೇ ತಿದ್ದುಪಡಿಗಳನ್ನು ಅದೇ ಕ್ರಮದಲ್ಲಿ ಮಾಡುತ್ತಾರೆ.

ಇನ್ನು ನಿಮ್ಮ ಜೋಡಿ ಕೆಲಸ ಮಾಡುವವರ ಈಮ್ಯಾಕ್ಸ್ ವಿಚಾರ. ಅಲ್ಲಿ ಕೆಳಗಿನ ಜಾಗಕ್ಕೆ ಮಿನಿಬಫರ್ ಎನ್ನುತ್ತಾರೆ. ಅದು ಮೊದಲಿನಿಂದಲೇ ಒಂದು ಪುಟ್ಟ ಎಡಿಟರ್ ಕಿಟಕಿಯಂತೆ ನಡೆಯುತ್ತದೆ, ವಿಮ್‌ನಲ್ಲಿ ನಾವು ಕಂಟ್ರೋಲ್ ಎಫ್ ಒತ್ತಿ ಪಡೆಯುವ ಅನುಕೂಲ ಅವರಿಗೆ ಕುಳಿತಲ್ಲೇ ಇದೆ. ಬರೆದದ್ದು ಹಲವು ಸಾಲಾಗಿದ್ದರೆ ಮೇಲ್ಬಾಣ ಮೊದಲು ಮೇಲಿನ ಸಾಲಿಗೆ ಹೋಗುತ್ತದೆ, ಮೇಲೆ ಸಾಲು ಇಲ್ಲದಿದ್ದಾಗ ಮಾತ್ರ ಹಳೆಯದನ್ನು ಕರೆಯುತ್ತದೆ. ಹಿಗ್ಗುವುದನ್ನು ನಿರ್ಧರಿಸುವುದು ರೀಸೈಜ್-ಮಿನಿ-ವಿಂಡೋಸ್ ಎಂಬ ಸೆಟ್ಟಿಂಗ್. ಅದರ ಮಾಮೂಲು ಬೆಲೆ ಗ್ರೋ-ಓನ್ಲಿ: ಬೇಕಾದಂತೆ ಬೆಳೆಯುತ್ತದೆ, ಖಾಲಿಯಾದ ಮೇಲೆ ಒಂದು ಸಾಲಿಗೆ ಮರಳುತ್ತದೆ. ಬೆಲೆಯನ್ನು ಟಿ ಎಂದು ಕೊಟ್ಟರೆ ಬರಹ ಕಡಿಮೆಯಾದಂತೆ ಆಗಿಂದಾಗ್ಗೆ ಕುಗ್ಗುತ್ತದೆ, ನಿಲ್ ಎಂದು ಕೊಟ್ಟರೆ ಅಲುಗುವುದೇ ಇಲ್ಲ. ಎಷ್ಟು ಬೆಳೆಯಬಹುದು ಎಂಬುದಕ್ಕೆ ಮ್ಯಾಕ್ಸ್-ಮಿನಿ-ವಿಂಡೋ-ಹೈಟ್ ಇದೆ. ಅದರ ಬೆಲೆ 0.25, ಅಂದರೆ ಚೌಕಟ್ಟಿನ ಕಾಲು ಭಾಗ. ಪೂರ್ಣಾಂಕ ಕೊಟ್ಟರೆ ಅಷ್ಟು ಸಾಲು ಎಂದು ತಿಳಿಯುತ್ತದೆ.

ವಿಮ್‌ನ ತಮ್ಮನಾದ ನಿಯೋವಿಮ್‌ನಲ್ಲಿ 2022ರ 0.8 ಆವೃತ್ತಿಯಿಂದ ಸಿಎಮ್‌ಡಿಹೈಟ್ ಸೊನ್ನೆ ಮಾಡಲು ಬರುತ್ತದೆ. ಕೋಲನ್ ಒತ್ತುವ ತನಕ ಕೆಳಗಿನ ಸಾಲೇ ಇರುವುದಿಲ್ಲ, ಪಠ್ಯಕ್ಕೆ ಒಂದು ಸಾಲು ಹೆಚ್ಚು. ಸಣ್ಣ ಸ್ಕ್ರೀನಿನವರಿಗೆ ಆಸೆ ಹುಟ್ಟಿಸುವ ಮಾತು. ಆದರೆ ಸಂದೇಶಕ್ಕೆ ಜಾಗವೇ ಇಲ್ಲದ್ದರಿಂದ ಎಂಟರ್ ಒತ್ತು ಎಂಬ ತಡೆ ಹೆಚ್ಚುತ್ತದೆ, ಅದನ್ನು ಮಾಡಿದವರೂ ಪ್ರಯೋಗವೆಂದೇ ಬಿಟ್ಟದ್ದು. ದಿನವಿಡೀ ಗಿರಾಕಿಯ ಕೆಲಸ ನಡೆಯುವ ಯಂತ್ರದ ಮೇಲೆ ನಾನಾದರೆ ಅದನ್ನು ಹಾಕುವುದಿಲ್ಲ. ಸಿಎಮ್‌ಡಿಹೈಟ್ 1 ಇರಲಿ, ಸಿಎಮ್‌ಡಿವಿನ್‌ಹೈಟ್ 12 ಇರಲಿ. ಟಚ್‌ಪ್ಯಾಡ್ ಮತ್ತೆ ಕಾಟ ಕೊಟ್ಟರೆ ಮೌಸ್ ಎಂಬ ಸೆಟ್ಟಿಂಗಿನ ಈಕ್ವಲ್ ಚಿಹ್ನೆಯ ಮುಂದೆ ಏನೂ ಬರೆಯದೆ ವಿಮ್‌ಆರ್‌ಸಿಯಲ್ಲಿ ಹಾಕಿಬಿಡಿ, ಅಂಗೈ ತಾಗಿದರೂ ಪಟ್ಟಿ ಸರಿಯುವುದಿಲ್ಲ.